ಹಿಂದಿನ ಸೀಟಿನ ತೂಕ

ಮೊನ್ನೆ ಇನ್ಶೂರೆನ್ಸ್ ಕಾಗದ ಹುಡುಕುತ್ತ ಗಾಡಿಯ ಪಕ್ಕದ ಡಬ್ಬಿಯೊಳಗೆ ಕೈ ಹಾಕಿದಾಗ, ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆಯಾಗಿದ್ದ ಇನ್ನೊಂದು ಕಾಗದ ಕೈಗೆ ಬಂತು. ಆರು ವರ್ಷದ ಹಿಂದೆ ಹಿಂದೂಪುರದ ಷೋರೂಮಿನಲ್ಲಿ ಈ ಮೋಟರ್ ಸೈಕಲ್ ಕೊಂಡಾಗ ಅಲ್ಲಿದ್ದ ಹೆಣ್ಣುಮಗಳೊಬ್ಬಳು ನನ್ನ ಕೈಗಿತ್ತ ಕಾಗದ ಅದು. ಉದ್ದ ಇಷ್ಟು, ಅಗಲ ಇಷ್ಟು, ಟ್ಯಾಂಕಿಗೆ ಪೆಟ್ರೋಲು ಇಷ್ಟು ಎಂದೆಲ್ಲ ಬರೆದು, ಕಡೆಯಲ್ಲಿ ತೂಕ ನೂರ ಹದಿನೆಂಟು ಕಿಲೋ ಎಂದಿತ್ತು. ಆಕೆ ಅದನ್ನು ಶ್ರದ್ಧೆಯಿಂದ ಓದಿ ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ತಾನು ಓದಿದ್ದರಲ್ಲಿ ಏನು ತಪ್ಪಾಯಿತೋ ಎಂದು ಪಾಪ ಆಕೆ ಇನ್ನೊಂದು ಸಲ ಕಾಗದ ನೋಡಿಕೊಂಡಳು. ತಪ್ಪೇನೂ ಇರಲಿಲ್ಲ. ಅಂಗಡಿಯೊಳಗೆ ನೆಟ್ಟಗೆ ನಿಲ್ಲಿಸಿದ ಗಾಡಿ ನೂರ ಹದಿನೆಂಟೇ ತೂಗುತ್ತದೆ. ಆದರೆ ಗಾಡಿ ಕೊಳ್ಳುವುದು ಅಂಗಡಿಯೊಳಗೆ ನಿಲ್ಲಿಸುವುದಕ್ಕಲ್ಲವಲ್ಲ.

ಓಡಿಸುವವರಿಗೆಲ್ಲ ಗೊತ್ತಿರುವ ಸಂಗತಿ ಇದು, ಆದರೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೋಟರ್ ಸೈಕಲ್ಲಿನ ತೂಕ ಗಳಿಗೆಗೊಂದು ಥರ. ಪೆಟ್ರೋಲು ಮುಗಿದು ತಳ್ಳಿಕೊಂಡು ಹೋಗುವಾಗ ಅದರಷ್ಟು ಭಾರದ ವಸ್ತು ಪ್ರಪಂಚದಲ್ಲಿ ಇನ್ನೊಂದಿಲ್ಲ. ಅದೇ ಗಾಡಿ ಗೇರಿಗೆ ಬಿದ್ದು ಹತ್ತು ಮಾರು ಹೋಗುವಷ್ಟರಲ್ಲಿ ತೂಕವನ್ನೆಲ್ಲ ಎಲ್ಲೋ ಕಳಚಿಟ್ಟು ಹಗುರಾಗಿಬಿಡುತ್ತದೆ. ಮೂವತ್ತರ ವೇಗದಲ್ಲಿ ಹ್ಯಾಂಡಲ್ ತಿರುಗಿಸುವ ಕೆಲಸವೇ ಇಲ್ಲ; ತಿರುಗಬೇಕು ಅಂದುಕೊಂಡು ಸೊಂಟ ಚೂರು ಸರಿಸಿದರೆ ಸಾಕು, ತಿರುಗಿರುತ್ತದೆ. ಮಾರ್ಕೆಟ್ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು ಬ್ರೇಕ್ ಒತ್ತಿದಿರೋ, ಕಳಚಿಟ್ಟ ತೂಕವೆಲ್ಲ ಒಟ್ಟಿಗೆ ವಾಪಸು ಬಂದು ಮುಂಗೈ ಮೇಲೆ ಕೂರುತ್ತದೆ. ನಿಂತ ಮೇಲೆ ಎಡಕ್ಕೆ ವಾಲಿ ತೊಡೆಗೆ ಒರಗಿಕೊಳ್ಳುತ್ತದೆ. ನಾನೋ ಐದಡಿ ಮೂರಂಗುಲದ ಆಳು. ನನ್ನ ಕಾಲು ನೆಲಕ್ಕೆ ತಾಗುವುದು ಬೆರಳ ತುದಿಯಲ್ಲಿ ಮಾತ್ರ. ಹಾಗಾಗಿ ಗಾಡಿ ನಿಲ್ಲಿಸುವ ಮುಂಚೆ ರಸ್ತೆಯಲ್ಲಿ ಉಬ್ಬು ಎಲ್ಲಿದೆ ಎಂದು ಹುಡುಕುವುದು ನನಗೆ ಅಭ್ಯಾಸ. ಹಿಂದೂಪುರದಲ್ಲಿ ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲೆಲ್ಲ ನನಗೆ ಸ್ನೇಹಿತರಿದ್ದಾರೆ. ತಗ್ಗಿನಲ್ಲಿ ಸಿಕ್ಕವರಿಗೆ ಕೈ ಬೀಸಿ ಹೊರಟುಬಿಡುತ್ತೇನೆ. ಇವನಿಗೆ ಜಂಬ ಎಂದು ತಿಳಿದುಕೊಂಡವರೂ ಇದ್ದಾರೆ, ಏನು ಮಾಡುವುದು.

ನಮ್ಮದು ಹುಣಸೆಹಣ್ಣಿನ ವ್ಯಾಪಾರ. ಅಪ್ಪನಿಂದ ಬಂದದ್ದು. ಕಾಯಿ ಇನ್ನೂ ಮರದ ಮೇಲಿರುವಾಗಲೇ ಹೋಗಿ, ಕತ್ತೆತ್ತಿ ನೋಡಿ, ಈ ಮರಕ್ಕೆ ಇಷ್ಟು ಮೂಟೆ ಹಣ್ಣು ಎಂದು ಅಂದಾಜು ಮಾಡಿ ಗುತ್ತಿಗೆ ಹಿಡಿಯುವ ಕಸುಬು. ಅಪ್ಪ ಮರದ ಸುತ್ತ ಒಂದು ಸುತ್ತು ಹಾಕಿ ಹೇಳಿದ ಲೆಕ್ಕ ಸುಗ್ಗಿಯಲ್ಲಿ ಹೆಚ್ಚು ಕಡಿಮೆ ಆದದ್ದನ್ನು ನಾನು ಕಂಡಿಲ್ಲ. ಮೂಟೆಯ ವಿಷಯದಲ್ಲಂತೂ ಕೇಳಲೇಬೇಡಿ. ಮೂಟೆಯ ಕಿವಿ ಹಿಡಿದು ಒಂದು ಸಲ ಅಲ್ಲಾಡಿಸಿ "ಮೂವತ್ತೆಂಟು" ಎಂದರೆ ತಕ್ಕಡಿಯೂ ಮೂವತ್ತೆಂಟನ್ನೇ ಹೇಳಬೇಕು. ಹೇಳದಿದ್ದರೆ ಅಪ್ಪ ತಕ್ಕಡಿಯನ್ನೇ ಅನುಮಾನದಿಂದ ನೋಡುತ್ತಿದ್ದರು. ಆ ಕೈ ನನಗೆ ಬರಲಿಲ್ಲ. ಮೂಟೆಯ ಕಿವಿ ಹಿಡಿದು ಅಲ್ಲಾಡಿಸಿ ನಾನು ಹೇಳಿದ ಲೆಕ್ಕ ಕೇಳಿ ಹಮಾಲರು ನಗುತ್ತಿದ್ದರು. ಮನೆತನದ ವಿದ್ಯೆ ನನ್ನ ತಲೆಮಾರಿಗೆ ನಿಂತುಹೋಯಿತು ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಂಡು ಪೇಚಾಡುತ್ತಿದ್ದರು.

ವಿದ್ಯೆ ಎಲ್ಲೂ ಹೋಗಿರಲಿಲ್ಲ, ಬೇರೆ ದಾರಿ ಹಿಡಿದು ಬರುತ್ತಿತ್ತು. ನನಗೆ ಇಪ್ಪತ್ತಾದಾಗ ಅಪ್ಪ ಯಾರೋ ಮೇಷ್ಟ್ರು ಓಡಿಸಿ ಬಿಟ್ಟ ಮೋಟರ್ ಸೈಕಲ್ ಒಂದನ್ನು ತಂದುಕೊಟ್ಟರು. ಮರ ನೋಡಲು ಕುಂದುರ್ಪಿಯ ಕಡೆ ಹೋಗಿಬರುವುದು ನನ್ನ ಪಾಲಿಗೆ ಬಂತು. ಹೋಗುವಾಗ ಹಿಂದೆ ಅಪ್ಪ, ಬರುವಾಗ ಅಪ್ಪ ಬಸ್ಸಿಗೆ, ನನ್ನ ಹಿಂದೆ ಒಂದು ಮೂಟೆ ಹಣ್ಣು. ಗಾಡಿ ಕಲಿತದ್ದೇ ಬೆನ್ನ ಹಿಂದೆ ಭಾರ ಇಟ್ಟುಕೊಂಡು. ಮೂರು ನಾಲ್ಕು ತಿಂಗಳಾದ ಮೇಲೆ ಒಂದು ದಿನ ಹಣ್ಣು ಸಿಗಲಿಲ್ಲ, ಅಪ್ಪ ಎಂದಿನಂತೆ ಮೊದಲೇ ಬಸ್ಸು ಹತ್ತಿಬಿಟ್ಟಿದ್ದರು. ಜೀವನದಲ್ಲಿ ಮೊದಲ ಸಲ ಬರಿ ಗಾಡಿ ಹತ್ತಿ ಹೊರಟೆ. ಬಯಲಿನ ಗಾಳಿಗೆ ಮುಂದಿನ ಚಕ್ರ ಅತ್ತ ಇತ್ತ ಮೂಸಿ ನೋಡುತ್ತ ಹೋಗತೊಡಗಿತು. ಹ್ಯಾಂಡಲ್ ಕೈಯಲ್ಲಿದ್ದರೂ ಇಲ್ಲದ ಹಾಗೆ. ಎರಡು ಮೈಲಿ ಹೋಗುವಷ್ಟರಲ್ಲಿ ಗಾಡಿ ನಿಲ್ಲಿಸಿ, ರಸ್ತೆ ಬದಿಯಲ್ಲಿ ಬಿದ್ದಿದ್ದ ಒಳ್ಳೆಯ ಗುಂಡುಕಲ್ಲೊಂದನ್ನು ಗೋಣಿಯಲ್ಲಿ ಸುತ್ತಿ ಹಿಂದೆ ಕಟ್ಟಿಕೊಂಡೆ. ಗಾಡಿ ತಕ್ಷಣ ಸಾಧುವಾಯಿತು. ಹಾಡು ಹೇಳಿಕೊಂಡು ಮನೆಗೆ ಬಂದೆ. ಅಪ್ಪ ಗೋಣಿ ಬಿಚ್ಚಿ ನೋಡಿ ಕೇಳಿದರು: "ಏನ್ಲಾ, ಹಿಂದೂಪುರದಾಗೆ ಕಲ್ಲಿಗೂ ಬರ ಬಂದೈತಾ?"

ಆ ಕಲ್ಲು ಒಂದು ವರ್ಷ ನನ್ನ ಜೊತೆ ತಿರುಗಿತು. ಹೀಗೆ ತಿರುಗಿ ತಿರುಗಿ ಹಿಂದಿನ ಭಾರ ಎಷ್ಟೆಂದು ನನ್ನ ಮೈಗೆ ಗೊತ್ತಾಗತೊಡಗಿತು. ಕ್ಲಚ್ಚು ಎಷ್ಟು ಬಿಟ್ಟ ಮೇಲೆ ಗಾಡಿ ಕದಲಿತು, ಹಳ್ಳಕ್ಕಿಳಿದಾಗ ಹಿಂದಿನ ಸ್ಪ್ರಿಂಗು ಎಷ್ಟು ಕೂತಿತು, ದಿಣ್ಣೆ ಹತ್ತುವಾಗ ಮುಂದಿನ ಚಕ್ರ ಎಷ್ಟು ಹಗುರಾಯಿತು, ಇಷ್ಟು ಸಾಕು. ಒಂದು ಸುತ್ತು ಹಾಕಿ ಬಂದು ನಲವತ್ತೆರಡು ಎಂದರೆ ನಲವತ್ತೆರಡೇ. ಅಪ್ಪ ಮೊದಲು ನಂಬಲಿಲ್ಲ. ಹತ್ತಾರು ಮೂಟೆ ತೂಗಿ ನೋಡಿದ ಮೇಲೆ ನನ್ನನ್ನು ಬಿಟ್ಟು ಗಾಡಿಗೆ ಕೈಮುಗಿದರು.

ಮೂಟೆ ತೂಗಿದ ಮೇಲೆ ಮನುಷ್ಯರನ್ನು ತೂಗುವುದು ಏನು ಕಷ್ಟ. ಹಿಂದೆ ಯಾರು ಕೂತರೂ ನನ್ನ ತುಟಿ ತಾನಾಗಿ ಒಂದು ಸಂಖ್ಯೆಯನ್ನು ಹೇಳಿಕೊಳ್ಳುತ್ತಿತ್ತು. ಬಾಯಿಂದ ಹೊರಗೆ ಮಾತ್ರ ಬರುತ್ತಿರಲಿಲ್ಲ. ಅಷ್ಟು ಮರ್ಯಾದೆ ನನಗೂ ಗೊತ್ತಿತ್ತು, ಕಲ್ಯಾಣದುರ್ಗದ ಆ ಗೃಹಪ್ರವೇಶದ ದಿನದವರೆಗೆ.

ನನ್ನ ಹೆಂಡತಿ ಗಿರಿಜೆ ಕಲ್ಯಾಣದುರ್ಗದವಳು. ಅವಳ ತಮ್ಮ ಮಲ್ಲಿ ಅಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದಾನೆ. ಈ ಗಾಡಿ ಕೊಂಡ ವರ್ಷವೇ ಅವನು ಮಂಡಿಯ ಹಿಂದೆ ಹೊಸ ಮನೆ ಕಟ್ಟಿಸಿದ. ಪೂಜೆ ಮುಗಿದು, ಊಟವಾಗಿ, ಗಂಡಸರೆಲ್ಲ ಮಂಡಿಯ ಅಂಗಳದಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಗ ಮಲ್ಲಿ ನನ್ನ ವಿದ್ಯೆಯ ಮಾತು ತೆಗೆದ. ಯಾರೂ ನಂಬಲಿಲ್ಲ. ಅಂಗಳದಲ್ಲೇ ಮೂಟೆ ತೂಗುವ ದೊಡ್ಡ ಕಾಟಾ ಇತ್ತು. ಇನ್ನೇನು ಬೇಕು? ಒಬ್ಬೊಬ್ಬರನ್ನೇ ಹಿಂದೆ ಕೂರಿಸಿಕೊಂಡು ಅಂಗಳ ಸುತ್ತುವುದು, ಇಳಿಸಿ ತೂಕ ಹೇಳುವುದು, ಅವರು ಹೋಗಿ ಕಾಟಾ ಹತ್ತುವುದು. ಒಂದು ಕಿಲೋದ ಒಳಗೇ ನಿಲ್ಲುತ್ತಿತ್ತು ನನ್ನ ಲೆಕ್ಕ. ಪೂಜೆ ಮಾಡಿಸಿದ ಅಯ್ಯನವರಿಗೂ ಆಸೆಯಾಯಿತು. ಪಂಚೆ ಎತ್ತಿಕಟ್ಟಿ ಕೂತರು. ಎಂಬತ್ನಾಲ್ಕು ಎಂದೆ, ಕಾಟಾ ಎಂಬತ್ತೈದು ತೋರಿಸಿತು. ಗಾಡಿ ಇಳಿದ ಮೇಲೆ ಇನ್ನೊಂದು ಹೋಳಿಗೆ ತಿಂದಿರಬೇಕು ನೀವು ಎಂದೆ. ಅಯ್ಯನವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ನೆಲ ಕಾಣುತ್ತಿರಲಿಲ್ಲ.

ಆ ಹುಮ್ಮಸ್ಸಿನಲ್ಲಿದ್ದಾಗ ಮಲ್ಲಿ ಕೇಳಿದ, "ಬಾವ, ಮತ್ತೆ ನಮ್ಮಕ್ಕಂದು ಎಷ್ಟು?"

"ಎಪ್ಪತ್ತೊಂದೂ ಕಾಲು" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಎಷ್ಟು ಸಲ ಕಾಪಿ ಬರೆದಿದ್ದೆನೋ. ಬಾಗಿಲಲ್ಲಿ ಮಜ್ಜಿಗೆಯ ಲೋಟಗಳ ತಟ್ಟೆ ಹಿಡಿದು ಗಿರಿಜೆ ನಿಂತಿದ್ದಳು. ಅವಳ ಹಿಂದೆ ತವರಿನ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಏನೂ ಆಗಲಿಲ್ಲವೆಂಬಂತೆ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ನನಗೆ ಮಾತ್ರ ಕೊಡಲಿಲ್ಲ. ಹೊರಡುವಾಗ ನಾನು ಗಾಡಿ ಒರೆಸಿ ನಿಲ್ಲಿಸಿದ್ದರೆ ಅವಳು ಚೀಲ ಹಿಡಿದು ನನ್ನ ಮುಂದೆಯೇ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಮೂರು ತಿಂಗಳು ಅವಳು ನನ್ನ ಗಾಡಿ ಹತ್ತಲಿಲ್ಲ. ಮಾರ್ಕೆಟ್ಟಿಗೆ ಆಟೋ, ದೇವಸ್ಥಾನಕ್ಕೆ ನಡಿಗೆ, ತವರಿಗೆ ಬಸ್ಸು. ದಾರಿಯಲ್ಲಿ ನಾನು ಗಾಡಿಯಲ್ಲಿ, ಅವಳು ಕಾಲುನಡಿಗೆಯಲ್ಲಿ ಎದುರುಬದರಾದರೆ ಓಣಿಯವರು ನಿಂತು ನೋಡುತ್ತಿದ್ದರು. ತಪ್ಪಾಯಿತು ಎಂದು ಎಷ್ಟು ಥರ ಹೇಳಿದರೂ ಕರಗಲಿಲ್ಲ. ಕಡೆಗೊಂದು ದಿನ ಕೋಪದ ಬೇರು ಎಲ್ಲಿದೆ ಎಂದು ಅವಳೇ ತೋರಿಸಿದಳು. "ಎಪ್ಪತ್ತೊಂದು ಅಂದಿದ್ರೆ ಓಗ್ಲಿ ಅಂತ ಬುಟ್ಬುಡ್ತಿದ್ದೆ. ಆ ಕಾಲು ಯಾಕ್ರೀ ಬೇಕಿತ್ತು ನಿಮ್ಗೆ?"

ಅವಳು ಅಂಗಡಿಗೆ ಬಂದು, ಗೋಡೆಗೆ ನೇತುಹಾಕಿರುವ ಅಪ್ಪನ ಕಾಲದ ತಕ್ಕಡಿಯನ್ನು ತೋರಿಸಿ, ಅದನ್ನು ಮುಟ್ಟಿ ಆಣೆ ಮಾಡಿ ಎಂದಳು. ಈಗ ಆ ತಕ್ಕಡಿಯಲ್ಲಿ ಏನನ್ನೂ ತೂಗುವುದಿಲ್ಲ, ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಆದರೂ ಸೋಮವಾರ ವಿಭೂತಿ, ದೀಪಾವಳಿಗೆ ಹೂವು ಅದಕ್ಕೇ. ನಮ್ಮಂಥ ವ್ಯಾಪಾರದ ಮನೆಗಳಲ್ಲಿ ದೇವರ ಮೇಲೆ ಆಣೆ ಹಾಕಿ ತಪ್ಪಿದವನಿಗೆ ಏನಾದರೂ ಪರಿಹಾರ ಇರುತ್ತದೆ, ತಕ್ಕಡಿ ಮುಟ್ಟಿ ತಪ್ಪಿದವನ ಕೈಯ ಹಣ್ಣು ಯಾರೂ ಕೊಳ್ಳುವುದಿಲ್ಲ. ನಾನು ತಟ್ಟೆಗೆ ಕೈಯಿಟ್ಟು, ನಿನ್ನ ತೂಕದ ಮಾತು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ ಎಂದೆ. ಸಂಜೆ ಅವಳು ಗಾಡಿ ಹತ್ತಿದಳು. ನನ್ನ ತುಟಿ ಅಲ್ಲಾಡುತ್ತದೆಯೋ ಎಂದು ಕನ್ನಡಿಯಲ್ಲಿ ಬಗ್ಗಿ ನೋಡಿದ್ದೂ ಕಂಡಿತು.

ಆಮೇಲೆ ನಾಲ್ಕೈದು ವರ್ಷ ಸುಖವಾಗಿದ್ದೆವು. ಕಳೆದ ವರ್ಷ ಬೇಸಿಗೆಯಲ್ಲಿ ಗಾಡಿಗೆ ರೋಗ ಬಂತು. ಬಲಕ್ಕೆ ಎಳೆಯತೊಡಗಿತು.

ಗಿರಿಜೆ ಸೀರೆ ಉಡುವವಳು, ಗಾಡಿಯ ಮೇಲೆ ಎಡಗಡೆಗೆ ಎರಡೂ ಕಾಲು ಇಳಿಬಿಟ್ಟು ಒಂದೇ ಬದಿಗೆ ಕೂರುತ್ತಾಳೆ. ಹಾಗೆ ಕೂತವರ ಭಾರ ಗಾಡಿಯನ್ನು ಎಡಕ್ಕೆ ಎಳೆಯುತ್ತಿರುತ್ತದೆ. ಓಡಿಸುವವನು ಅದಕ್ಕೆ ಸರಿಯಾಗಿ ತನ್ನ ಮೈಯನ್ನು ಬಲಕ್ಕೆ ಇಷ್ಟೇ ಇಷ್ಟು ತೂಗಿಕೊಂಡಿರಬೇಕು. ಇದನ್ನು ಯಾರೂ ಕಲಿಸುವುದಿಲ್ಲ. ಮದುವೆಯಾದ ಮೊದಲ ತಿಂಗಳಲ್ಲಿ ಎಲ್ಲ ಗಂಡಂದಿರಿಗೂ ತಾನಾಗಿ ಬರುತ್ತದೆ, ಆಮೇಲೆ ತಾನು ವಾಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಇಪ್ಪತ್ತೇಳು ವರ್ಷದಿಂದ ಹಾಗೆ ಕೂತೇ ನನ್ನ ಬಲಗಡೆಯ ಸೊಂಟ ನೋಯುತ್ತದೆ. ಆ ಬೇಸಿಗೆಯಲ್ಲಿ ಅವಳನ್ನು ಕೂರಿಸಿಕೊಂಡು ಹೊರಟರೆ ಗಾಡಿ ಮೆಲ್ಲಗೆ ಬಲಕ್ಕೆ, ರಸ್ತೆಯ ನಡುವಿಗೆ ಹೋಗುತ್ತಿತ್ತು. ಎದುರು ಬರುವ ಲಾರಿಯವರು ತೆಲುಗಿನಲ್ಲಿ ನನ್ನ ವಂಶವನ್ನೆಲ್ಲ ನೆನೆಯುತ್ತಿದ್ದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೆಕ್ಯಾನಿಕ್ ಬಾಷಾನ ಹತ್ತಿರ ಹೋದೆ. ಗಾಡಿಯ ಚಾಸಿ ಬಾಗಿದೆ, ಇಲ್ಲವೇ ಫೋರ್ಕು ಸೊಟ್ಟಗಾಗಿದೆ, ಏನಾದರೂ ಮಾಡು ಎಂದೆ. ಬಾಷಾ ಚಕ್ರ ಬಿಚ್ಚಿದ, ಬೇರಿಂಗ್ ನೋಡಿದ, ದಾರ ಹಿಡಿದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನೇರ ನೋಡಿದ. ತಾನೇ ಓಡಿಸಿಕೊಂಡು ಪೆನುಕೊಂಡ ರಸ್ತೆಯಲ್ಲಿ ಎರಡೂ ಕೈ ಬಿಟ್ಟು ಬಂದ. ಮೂರನೇ ಸಲವೂ ನಾನು ಅದೇ ದೂರು ಹೊತ್ತು ಹೋದಾಗ ಅವನು ಕೈ ಒರೆಸಿಕೊಳ್ಳುತ್ತ, "ಬಂಡಿಲೋ ಏಮೀ ಲೇದನ್ನಾ" ಎಂದು ತೆಲುಗಿನಲ್ಲಿ ಶುರುಮಾಡಿ, ನನಗೆ ಇನ್ನೂ ಚೆನ್ನಾಗಿ ತಿಳಿಯಲಿ ಎಂದೋ ಏನೋ ಕನ್ನಡಕ್ಕೆ ಬಂದ. "ಬಂಡಿ ನೆಟ್ಟಗೈತೆ. ನೀನೇ ವಾಲ್ತಾ ಇದೀಯ. ಒಬ್ನೇ ಓಡಿಸ್ದಾಗ ಎಳೀತೈತಾ? ಇಲ್ಲ. ಅಕ್ಕನ್ನ ಕೂರಿಸ್ಕಂಡಾಗ ಮಾತ್ರ ಎಳೀತೈತೆ ಅಂದ್ರೆ ನಾನೇನು ಬಿಚ್ಲಿ, ಹೇಳು."

ಅವನು ತಮಾಷೆಗೆ ಹೇಳಿದ. ನಾನು ಅಲ್ಲೇ ಇದ್ದ ಹಳೇ ಟಯರಿನ ಮೇಲೆ ಕೂತುಬಿಟ್ಟೆ. ವಾಲುತ್ತಿದ್ದವನು ನಾನೇ, ಹೌದು. ಎಪ್ಪತ್ತೊಂದೂ ಕಾಲಿಗೆ ಎಷ್ಟು ವಾಲಬೇಕೋ ಅಷ್ಟು ವಾಲುತ್ತಿದ್ದೆ. ಹಿಂದೆ ಎಪ್ಪತ್ತೊಂದೂ ಕಾಲು ಇರಲಿಲ್ಲ.

ಆಣೆ ಹಾಕಿದ ದಿನದಿಂದ ಲೆಕ್ಕ ತುಟಿಗೆ ಬರದ ಹಾಗೆ ನೋಡಿಕೊಂಡಿದ್ದೆನಲ್ಲ, ಬರಬರುತ್ತ ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೆ. ಮಾರನೆಯ ದಿನ ಬೇಕೆಂದೇ ಅವಳನ್ನು ಕೂರಿಸಿಕೊಂಡು, ಉಸಿರು ಬಿಗಿಹಿಡಿದು ಮನಸ್ಸಿಟ್ಟು ಗಾಡಿ ಬಿಟ್ಟೆ. ಕ್ಲಚ್ಚು ಹೇಳಿತು, ಸ್ಪ್ರಿಂಗು ಹೇಳಿತು. ಅರವತ್ತೆರಡು. ಹುಣಸೆಯ ಸುಗ್ಗಿಯೆಂದು ಆರು ತಿಂಗಳು ಊರೂರು ಅಲೆಯುತ್ತ, ಮೂಟೆ ಮೂಟೆಯ ತೂಕ ಬಾಯಿಪಾಠ ಹೇಳುತ್ತಿದ್ದವನಿಗೆ ಬೆನ್ನ ಹಿಂದೆ ಒಂಬತ್ತು ಕಿಲೋ ಕಡಿಮೆಯಾದದ್ದು ಗೊತ್ತಾಗಿರಲಿಲ್ಲ.

ಹೇಳೋಣವೆಂದರೆ ತಕ್ಕಡಿ. ಸುಮ್ಮನಿರೋಣವೆಂದರೆ ಇವಳು. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಣೆ ಮುರಿಯದೆ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಹೇಗೆಂದು ತಲೆ ಕೆಡಿಸಿಕೊಂಡೆ. ಮೊದಲು ಬಡಿಸಲು ಶುರುಮಾಡಿದೆ. ಇನ್ನೊಂದು ಮುದ್ದೆ ಹಾಕಿಕೋ, ತುಪ್ಪ ಹಾಕಿಕೋ ಎಂದೆ. ಅವಳು ಆಗಲೇ ನನಗಿಂತ ಒಂದು ಮುದ್ದೆ ಹೆಚ್ಚು ತಿನ್ನುತ್ತಿದ್ದಳು, ಅದು ನನಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು. ಆಮೇಲೆ ಅಂಗಡಿಯ ಕಾಟಾ ಕೆಟ್ಟಿದೆ, ಸ್ವಲ್ಪ ಹತ್ತಿ ನಿಲ್ಲು ನೋಡೋಣ ಎಂದೆ. ಐದು ಕಿಲೋ ಕಲ್ಲು ಅಲ್ಲೇ ಇದೆಯಲ್ಲ, ಇಟ್ಟು ನೋಡಿ ಎಂದು ಒಳಗೆ ಹೋದಳು. ಸರಿಯಾದ ಮಾತೇ. ಕಡೆಗೆ, ನಾನು ಯಾಕೋ ಬಡವಾಗಿದ್ದೇನೆ, ಇಬ್ಬರೂ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ ಎಂದು ನಾಟಕವಾಡಿದೆ. ಅವಳು ನನ್ನ ಹೊಟ್ಟೆಯನ್ನು ಒಂದು ನಿಮಿಷ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮಲ್ಲಿಯ ಹೆಂಡತಿಯ ಸೀಮಂತ ಬಂತು. ಬೆಳಿಗ್ಗೆಯೇ ಇಬ್ಬರೂ ಗಾಡಿಯಲ್ಲಿ ಕಲ್ಯಾಣದುರ್ಗಕ್ಕೆ ಹೊರಟೆವು. ಮಡಕಶಿರಾ ದಾಟಿ ಕುಂದುರ್ಪಿ ಬರುವವರೆಗೂ ಗಾಡಿ ಅರವತ್ತೆರಡು, ಅರವತ್ತೆರಡು ಎಂದು ಹೇಳುತ್ತಲೇ ಇತ್ತು. ಕುಂದುರ್ಪಿಯಲ್ಲಿ ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ತಗ್ಗಿನಲ್ಲೇ ನಿಲ್ಲಿಸಿಬಿಟ್ಟಿದ್ದೆ, ಗಾಡಿ ಸಮೇತ ಬೀಳುವುದರಲ್ಲಿದ್ದೆ, ಅವಳೇ ಇಳಿದು ಹಿಡಿದುಕೊಂಡಳು. ಟೀ ಲೋಟ ಕೈಗೆ ಬಂದ ಮೇಲೆ ನಾನು ಹೇಳಿದೆ.

"ಗಿರಿಜಾ, ತಕ್ಕಡಿ ಮುಟ್ಟಿದ್ದು ನೆಪ್ಪೈತೆ. ಆದ್ರೂ ಹೇಳ್ತೀನಿ ಕಣೆ. ಒಂಬತ್ತು ಕಿಲೋ ಇಳಿದೋಗಿದೀಯ."

ಅವಳು ಕೋಪಿಸಿಕೊಳ್ಳುತ್ತಾಳೆ, ಎದ್ದು ಬಸ್ಸಿಗೆ ಹೋಗುತ್ತಾಳೆ ಎಂದು ಕಾದೆ. ಅವಳು ಲೋಟವನ್ನು ಬೆಂಚಿನ ಮೇಲಿಟ್ಟಳು. "ಕಾಲು ಗೀಲು ಏನೂ ಇಲ್ವಾ?" ಎಂದು ಕೇಳಿದಳು.

"ಒಂಬತ್ತೂ ಕಾಲು."

ಅವಳು ನಕ್ಕಳು. ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರು ಬಂತು. ಆಮೇಲೆ ಹೇಳಿದಳು, "ರವಿಕೆ ಎಲ್ಡು ಸಲ ಹಿಡಿಸ್ದೆ. ಬಳೆ ಮೊಣಕೈಗಂಟ ಹೋಯ್ತವೆ. ನಮ್ಮ ಚಿಕ್ಕಮ್ಮ ಹಿಂಗೇ ಇಳೀತಾ ಇಳೀತಾನೇ ಹೋಗಿದ್ದು. ದಿನಾ ಗಾಡಿ ಹತ್ತಿದಾಗ ನಿಮ್ಮ ಬೆನ್ನು ನೋಡ್ತಿದ್ದೆ. ನೀವೇನೂ ಅನ್ಲಿಲ್ಲ. ಇವ್ರಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಏನೂ ಕಮ್ಮಿಯಾಗಿಲ್ಲ ಬುಡು ಅಂತ ಧೈರ್ಯ ಮಾಡ್ಕಂಡಿದ್ದೆ."

ನನಗೆ ಆಗ ಆದ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಆದ ಸಂಕಟ, ಇಷ್ಟೇ ಎಂದು ಹೇಳಲಾರೆ. ನನ್ನ ಮೌನವನ್ನು ಅವಳು ಒಳ್ಳೆಯ ಸುದ್ದಿ ಎಂದುಕೊಂಡು ಅಷ್ಟು ದಿನ ನನ್ನ ಹಿಂದೆ ಕೂತಿದ್ದಳು. ನಾನೋ ಬೆನ್ನು ನೆಟ್ಟಗೆ ಮಾಡಿಕೊಂಡು, ಆಣೆ ಕಾಪಾಡುತ್ತಿದ್ದೇನೆಂದು ಹೆಮ್ಮೆಪಡುತ್ತಿದ್ದೆ. ಸೀಮಂತದ ಮನೆಯಲ್ಲಿ ಇಬ್ಬರೂ ಚೆನ್ನಾಗಿಯೇ ಉಂಡೆವು, ನಗುನಗುತ್ತಲೇ ಓಡಾಡಿದೆವು. ವಾಪಸು ಬರುವಾಗ ಅವಳು ಎಂದಿನ ಹಾಗೆ ಹಿಂದಿನ ಕಂಬಿ ಹಿಡಿಯದೆ ನನ್ನ ಹೆಗಲನ್ನೇ ಹಿಡಿದು ಕೂತಿದ್ದಳು.

ಡಾಕ್ಟರ ಹತ್ತಿರ ನರ್ಸಮ್ಮ ಅವಳನ್ನು ತೂಕದ ಯಂತ್ರ ಹತ್ತಿಸಿದಾಗ, ಅವರು ನೋಡಿ ಹೇಳುವ ಮುಂಚೆಯೇ ಅರವತ್ತೆರಡು ಎಂದೆ. ನರ್ಸಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. ನಾಲ್ಕು ದಿನ ಬಿಟ್ಟು ರಿಪೋರ್ಟು ಬಂತು. ನಾವು ಹೆದರಿದ್ದು ಏನೂ ಅಲ್ಲ. ಕತ್ತಿನ ಹತ್ತಿರ ಇರುವ ಥೈರಾಯ್ಡ್ ಗ್ರಂಥಿ ಮಾಡಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿದೆ, ಮಾತ್ರೆ ತಗೊಂಡರೆ ಹತೋಟಿಗೆ ಬರುತ್ತದೆ, ತೂಕವೂ ನಿಧಾನಕ್ಕೆ ವಾಪಸು ಬರುತ್ತದೆ ಎಂದರು ಡಾಕ್ಟರು. ನನಗೆ ತಡೆಯಲಾರದಷ್ಟು ನಗು ಬಂತು. ನಮ್ಮ ಮನೆಯಲ್ಲಿ ಬೆಳಗಿನಿಂದ ಒಂದು ಗಳಿಗೆ ಕೂರದ ಹೆಂಗಸಿನ ಗ್ರಂಥಿ ಜಾಸ್ತಿ ಕೆಲಸ ಮಾಡದೆ ಇನ್ನೇನು ಮಾಡೀತು? ಕಾಯಿಲೆ ಅಂತಿದ್ದಾರೆ, ಇವರಿಗೆ ನಗು ನೋಡಿ ಎಂದು ಗಿರಿಜೆ ಡಾಕ್ಟರಿಗೇ ದೂರು ಕೊಟ್ಟಳು.

ಅಂಗಡಿಗೆ ಬಂದು ತಕ್ಕಡಿಗೆ ತಪ್ಪುಕಾಣಿಕೆ ಇಟ್ಟು ತೆಂಗಿನಕಾಯಿ ಒಡೆದೆ. ಹಳೇ ಆಣೆಯನ್ನು ಅವಳೇ ಬಿಡಿಸಿದಳು. ಈಗ ಕಾಯಿದೆ ತಿರುವುಮುರುವಾಗಿದೆ. ತಿಂಗಳಿಗೊಂದು ಸಲ ತವರಿಗೆ ಹೋಗಿ ಬರುತ್ತೇವಲ್ಲ, ಆಗ ಅವಳು ಕೇಳುತ್ತಾಳೆ, ನಾನು ಹೇಳಬೇಕು. ಕಾಲು, ಅರ್ಧ ಸೇರಿಸಿಯೇ ಹೇಳಬೇಕು. ಅರವತ್ತಮೂರು ಆಯಿತು, ಅರವತ್ತನಾಲ್ಕೂವರೆ ಆಯಿತು. ಅರವತ್ತೈದಕ್ಕೆ ಬಂದು ನಿಂತುಬಿಟ್ಟಿತು. ರಕ್ತ ಸರಿಯಾಗಿದೆ, ಅವಸರ ಬೇಡ ಎಂದು ಡಾಕ್ಟರು ಹೇಳಿದ್ದಾರೆ, ಅವಳೂ ಆರಾಮಾಗಿದ್ದಾಳೆ. ನನಗೇ ಯಾಕೋ ಸಮಾಧಾನವಿಲ್ಲ. ಅರವತ್ತೈದು ಎಂದು ಮೂರನೇ ತಿಂಗಳೂ ಹೇಳುವಾಗ ನನ್ನ ದನಿ ಇಳಿದುಹೋಗಿತ್ತಂತೆ, ಹೆಗಲು ಜೋತುಬಿದ್ದಿತ್ತಂತೆ. ಹಾಗೆಂದು ಅವಳು ಮಲ್ಲಿಯ ಹೆಂಡತಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು.

ಹೋದ ಭಾನುವಾರ ಮಧ್ಯಾಹ್ನ ಕಲ್ಯಾ‌ಣದುರ್ಗದಿಂದ ಹೊರಟೆವು. ಗಿರಿಜೆ ಸೆರಗನ್ನು ಮೈತುಂಬ ಹೊದ್ದು, ಯಾಕೋ ಸ್ವಲ್ಪ ಜಾಗರೂಕತೆಯಿಂದ ಹತ್ತಿ ಕೂತಳು. ಕ್ಲಚ್ಚು ಬಿಡುತ್ತಿದ್ದ ಹಾಗೆ ನನ್ನ ಮೈ ಝುಮ್ಮೆಂದಿತು. ಅರವತ್ತೆಂಟು. ಒಂದೇ ತಿಂಗಳಲ್ಲಿ ಮೂರು ಕಿಲೋ. ಊರು ದಾಟುವವರೆಗೆ ನನ್ನಷ್ಟು ಸುಖಿ ಆ ರಸ್ತೆಯಲ್ಲಿ ಇನ್ನೊಬ್ಬನಿರಲಿಲ್ಲ.

ಊರು ದಾಟಿದ ಮೇಲೆ ಒಂದು ತಿರುವಿದೆ. ಮನುಷ್ಯರ ಭಾರಕ್ಕೂ ಮೂಟೆಯ ಭಾರಕ್ಕೂ ಇರುವ ವ್ಯತ್ಯಾಸ ಗೊತ್ತಾಗುವುದು ತಿರುವಿನಲ್ಲಿ. ಗಾಡಿ ಬಾಗಿದಾಗ ಹಿಂದೆ ಕೂತವರು, ಅವರಿಗೇ ಗೊತ್ತಿಲ್ಲದ ಹಾಗೆ, ಜೊತೆಗೆ ಬಾಗುತ್ತಾರೆ. ಮೂಟೆ ಬಾಗುವುದಿಲ್ಲ, ಇದ್ದಲ್ಲೇ ಇದ್ದು ಆಮೇಲೆ ಒಂದು ಗಳಿಗೆ ತಡವಾಗಿ ಜಗ್ಗುತ್ತದೆ. ಆ ತಿರುವಿನಲ್ಲಿ ಅರವತ್ತೈದು ಕಿಲೋ ನನ್ನ ಜೊತೆಗೆ ಬಾಗಿತು. ಮೂರು ಕಿಲೋ ತಡವಾಗಿ ಜಗ್ಗಿತು. ಕನ್ನಡಿಯನ್ನು ಸರಿಮಾಡುವ ಹಾಗೆ ತಿರುಗಿಸಿ ನೋಡಿದೆ. ಸೆರಗಿನ ಅಡಿಯಿಂದ ಮಲ್ಲಿಯ ಮಂಡಿಯ ಬಟ್ಟೆಚೀಲದ ಮೂಲೆ ಇಣುಕುತ್ತಿತ್ತು. ಕಡಲೆಕಾಯಿ.

ಮಡಕಶಿರಾ ಬಂದಾಗ ಅವಳು ನನ್ನ ಬೆನ್ನಿಗೆ ಬೆರಳಿಂದ ಕುಟ್ಟಿ, "ಎಷ್ಟಾಯ್ತು?" ಎಂದು ಕೇಳಿದಳು.

ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಯಾರೂ ಕಳ್ಳ ತೂಕ ಹೇಳಿದವರಲ್ಲ. "ಅರವತ್ತೆಂಟು ಕಣೆ" ಎಂದೆ.

"ನಿಜವಾಗ್ಲೂ?"

"ನಿಜವಾಗ್ಲೂ."

ಹಿಂದಿನಿಂದ ಸಮಾಧಾನದ ಉಸಿರು ಕೇಳಿಸಿತು. ಆಮೇಲೆ ಹಿಂದೂಪುರ ಬರುವವರೆಗೆ ಅವಳು ತವರಿನ ಸುದ್ದಿಯನ್ನೆಲ್ಲ ಉಲ್ಲಾಸದಿಂದ ಹೇಳಿದಳು. ನಾನು ಹೆಗಲು ನೆಟ್ಟಗೆ ಮಾಡಿಕೊಂಡು, ಹೂಂಗುಟ್ಟುತ್ತ ಓಡಿಸಿದೆ. ಮನೆಯ ಮುಂದೆ ಗಾಡಿ ನಿಲ್ಲುತ್ತಲೇ ಅವಳು ಸೆರಗು ಬಿಗಿಹಿಡಿದು, ನನ್ನ ಕಡೆ ತಿರುಗದೆ, ಸರಸರ ಒಳಗೆ ಹೋದಳು. ನಾನು ತಕ್ಷಣ ಹಿಂದೆಯೇ ಹೋಗಲಿಲ್ಲ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದೆ. ಧೂಳೇ ಇಲ್ಲದ ಕನ್ನಡಿಯನ್ನು ಎರಡು ಸಲ ಒರೆಸಿದೆ. ಚೈನಿನ ಹತ್ತಿರ ಕೂತು ಏನನ್ನೋ ನೋಡಿದೆ. ಪಕ್ಕದ ಮನೆಯವರು ಗಾಡಿಗೆ ಏನಾಯಿತು ಎಂದು ಕೇಳಿದರು, ಏನೂ ಇಲ್ಲ ಎಂದೆ. ಮೂರು ಕಿಲೋ ಕಡಲೆಕಾಯಿಯನ್ನು ಗಂಡನಿಗೆ ಕಾಣದ ಹಾಗೆ ಅಡಿಗೆಮನೆಯಲ್ಲಿ ಬಚ್ಚಿಡಲು ಯಾರಿಗಾದರೂ ಅಷ್ಟು ಹೊತ್ತು ಬೇಕಾಗುತ್ತದೆ.